ಪಬ್ ಕ್ವಿಜ್‌ಗೆ ಪ್ರಶ್ನೆ ಬರೆಯುವವರಿಗೆ

ಜಗಳ ಆಗೋದು ಕಷ್ಟದ ಪ್ರಶ್ನೆಗಲ್ಲ, ಎರಡು ಉತ್ತರ ಇರುವ ಪ್ರಶ್ನೆಗೆ. "ಕರ್ನಾಟಕ ಯಾವಾಗ ಆಯ್ತು?" ಅಂತ ಕೇಳಿದರೆ ಒಂದು ಟೇಬಲ್ 1956 ಬರೆಯುತ್ತೆ, ಇನ್ನೊಂದು 1973. ಏಕೀಕರಣ 1956ರ ನವೆಂಬರ್ 1ಕ್ಕೆ, ಹೆಸರು ಬದಲಾಗಿದ್ದು 1973ರ ಅದೇ ದಿನ. ಯಾವುದು ಬೇಕೋ ಪ್ರಶ್ನೆಯಲ್ಲೇ ಹೇಳಿ.

"ರಾಜ್ಯದ ಅತಿ ಎತ್ತರದ ಜಲಪಾತ" ಅನ್ನೋದನ್ನು ಬಿಟ್ಟೇಬಿಡಿ. ಜೋಗವೋ ಕುಂಚಿಕಲ್ಲೋ ಅಂತ ಮೈಕ್ ಕಿತ್ತುಕೊಳ್ತಾರೆ. ಬದಲಿಗೆ ಜೋಗದ ನಾಲ್ಕು ಧಾರೆಗಳನ್ನು ಕೇಳಿ: ರಾಜ, ರಾಣಿ, ರೋರರ್, ರಾಕೆಟ್. ಒಂದೊಂದಕ್ಕೆ ಅರ್ಧ ಅಂಕ ಇಟ್ಟರೆ ಗೊತ್ತಿಲ್ಲದ ತಂಡವೂ ಒಂದೆರಡು ಗಿಟ್ಟಿಸುತ್ತೆ.

ಟೈ ಆದರೆ ಸಂಖ್ಯೆಯ ಪ್ರಶ್ನೆ ಒಂದಿರಲಿ: ಜೋಗದ ಎತ್ತರ ಎಷ್ಟು ಮೀಟರ್? 253ಕ್ಕೆ ಹತ್ತಿರದವರು ಗೆದ್ದರು. ಉತ್ತರ ಚೀಟಿಯಲ್ಲೇ, ಕೂಗಿ ಹೇಳಿದ್ದು ಲೆಕ್ಕಕ್ಕಿಲ್ಲ.