ಕುಡುಕನ ಪಾತ್ರಕ್ಕೆ ಥಾಮಸ್ ಮಿಚೆಲ್ ಬಳಿ ಪಾಠ

ಹವ್ಯಾಸಿ ನಾಟಕಗಳಲ್ಲಿ ನನಗೆ ಸಿಗುವುದು ಹೆಚ್ಚಾಗಿ ಪೋಷಕ ಪಾತ್ರ. ಈ ಸಲ ಕುಡುಕ ಅಪ್ಪನ ಪಾತ್ರ ಬಂತು. ತೂರಾಡಿ, ತೊದಲಿ ನಗಿಸುವುದು ಎಲ್ಲರೂ ಮಾಡ್ತಾರೆ, ಅಲ್ವಾ? ನನಗೆ ಅದು ಬೇಡವಾಗಿತ್ತು. ಹಾಲಿವುಡ್‌ನ ಥಾಮಸ್ ಮಿಚೆಲ್ ಸಿನಿಮಾಗಳನ್ನು ಹಾಕಿಕೊಂಡು ಕೂತೆ. ಕುಡುಕರನ್ನು ಅವರಷ್ಟು ಬಗೆಬಗೆಯಾಗಿ ಆಡಿದವರು ಕಡಿಮೆ.

ಮಿಚೆಲ್ ಹುಟ್ಟಿದ್ದು 1892ರಲ್ಲಿ, ನ್ಯೂಜೆರ್ಸಿಯ ಐರಿಶ್ ವಲಸಿಗರ ಮನೆಯಲ್ಲಿ. ಮೊದಲು ಪತ್ರಿಕೆಯ ವರದಿಗಾರ, ಆಮೇಲೆ ರಂಗಭೂಮಿ. ಚಾರ್ಲ್ಸ್ ಕೋಬರ್ನ್ ತಂಡದಲ್ಲಿ ಷೇಕ್ಸ್‌ಪಿಯರ್ ಆಡಿದರು, ನ್ಯೂಯಾರ್ಕಿನ ವೃತ್ತಿ ರಂಗಭೂಮಿಯಾದ ಬ್ರಾಡ್‌ವೇಗೆ ನಾಟಕವನ್ನೂ ಬರೆದರು. ಸಿನಿಮಾದಲ್ಲಿ ನೆಲೆಯೂರುವ ಹೊತ್ತಿಗೆ ವಯಸ್ಸು ನಲವತ್ತು ದಾಟಿತ್ತು. 1939 ಒಂದರಲ್ಲೇ ಐದು ದೊಡ್ಡ ಚಿತ್ರಗಳು!

ಮೊದಲು ಸೌಂಡ್ ಇಟ್ಟು ನೋಡಿದೆ. ಆಮೇಲೆ ಮ್ಯೂಟ್ ಮಾಡಿ, ಬೇರೆ ಯಾರೇ ಮಾತಾಡುತ್ತಿದ್ದರೂ ಮಿಚೆಲ್‌ರನ್ನೇ ನೋಡಿದೆ. ‘ಸ್ಟೇಜ್‌ಕೋಚ್’ನಲ್ಲಿ ಅವರು ಡಾಕ್ಟರ್ ಬೂನ್, ಊರಿನಿಂದ ಹೊರದಬ್ಬಿಸಿಕೊಂಡ ವೈದ್ಯ. ಕುದುರೆಗಾಡಿಯಲ್ಲಿ ಪಕ್ಕ ಕೂತವನು ವಿಸ್ಕಿ ಮಾರುವವನು ಅಂತ ಗೊತ್ತಾದದ್ದೇ ತಡ, ಅವನ ಮೇಲೆ ಎಲ್ಲಿಲ್ಲದ ಅಕ್ಕರೆ. ನಿಜವಾದ ಅಕ್ಕರೆ ಸ್ಯಾಂಪಲ್ ಬ್ಯಾಗಿನ ಮೇಲೆ. ಮುಂದೆ ಹೆರಿಗೆ ಮಾಡಿಸಬೇಕಾಗಿ ಬಂದಾಗ ಕಾಫಿ ಮೇಲೆ ಕಾಫಿ ಕುಡಿದು ಅಮಲು ಇಳಿಸಿಕೊಳ್ಳುತ್ತಾನೆ. ಆಸ್ಕರ್ ಬಂದದ್ದು ಈ ಪಾತ್ರಕ್ಕೇ.

‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’ನ ಪತ್ರಕರ್ತನಿಗೆ ಬೇಕಾದದ್ದು ನಟಿ ಜೀನ್ ಆರ್ಥರ್ ಮಾಡಿದ ಪಾತ್ರವನ್ನು ಮದುವೆಯಾಗುವುದು. ‘ಇಟ್ಸ್ ಎ ವಂಡರ್‌ಫುಲ್ ಲೈಫ್’ನ ಬಿಲ್ಲಿ ಎಂಬ ಕುಡುಕನಿಗೆ ಬೇಕಾದದ್ದು ಬರೀ ತನ್ನ ಟೋಪಿ. ಯಾರೂ ಸುಮ್ನೆ ಕುಡಿದಿರುವುದಿಲ್ಲ. ಪ್ರತಿಯೊಬ್ಬನಿಗೂ ಏನೋ ಬೇಕು, ಅದಕ್ಕೆ ಕಾಲು ಅಡ್ಡಿ, ನಾಲಿಗೆ ಅಡ್ಡಿ.

ನನ್ನ ಪಾತ್ರಕ್ಕೆ ಏನು ಬೇಕು? ಮಗಳಿಗೆ ಗೊತ್ತಾಗದಂತೆ ಒಳಗೆ ಬರಬೇಕು. ಹಾಗಾಗಿ ತೂರಾಟ ಪೂರ್ತಿ ಬಿಟ್ಟೆ. ಬಾಗಿಲಲ್ಲಿ ಚಪ್ಪಲಿ ಬಿಚ್ಚಿ, ಬಗ್ಗಿ, ಎರಡನ್ನೂ ನೇರವಾಗಿ ಜೋಡಿಸಲು ಒದ್ದಾಡುವುದನ್ನು ತಾಲೀಮಿನಲ್ಲಿ ತೋರಿಸಿದೆ. ನಿರ್ದೇಶಕರು ಅಲ್ಲಿದ್ದ ಡೈಲಾಗನ್ನೇ ತೆಗೆದರು. ಮಾತಿಲ್ಲದೆಯೇ ಜನ ಜಾಸ್ತಿ ನಕ್ಕರು.

1953ರಲ್ಲಿ ಮಿಚೆಲ್‌ಗೆ ರಂಗಭೂಮಿಯ ಟೋನಿ, ಟಿವಿಯ ಎಮ್ಮಿ ಪ್ರಶಸ್ತಿ ಎರಡೂ ಬಂದವು. ಆಸ್ಕರ್ ಸೇರಿ ಮೂರನ್ನೂ ಗೆದ್ದ ಮೊದಲ ನಟ. 1962ರಲ್ಲಿ, ಸಾಯುವ ವರ್ಷ, ರಂಗದ ಮೇಲೆ ಪತ್ತೇದಾರ ಕೊಲಂಬೊ ಆಗಿದ್ದರು.

ನೀವೂ ನೋಡುವುದಾದರೆ ‘ಸ್ಟೇಜ್‌ಕೋಚ್’ನಿಂದ ಶುರು ಮಾಡಿ. ಹೀರೊ ಜಾನ್ ವೇಯ್ನ್ ಇದ್ದಾನೆ, ಕಣ್ಣು ಆ ಕಡೆ ಹೋಗುತ್ತದೆ. ಎಳೆದು ಬೂನ್ ಮೇಲೆ ಇಡಿ.