ಒಂದೇ ಜುಪಿಟರ್ ಸರ್ವರ್, ನಾಲ್ಕು ಎನ್ವಿರಾನ್‌ಮೆಂಟ್: ನಾನು ಮಾಡಿಕೊಂಡಿದ್ದು ಹೀಗೆ

ನಮ್ಮ ಡಿಪಾರ್ಟ್‌ಮೆಂಟಲ್ಲಿ ಇರೋದು ಒಂದೇ ಸರ್ವರ್, ಅದರ ಮೇಲೆ ಜುಪಿಟರ್‌ಹಬ್, ಅಂದ್ರೆ ಎಲ್ಲರೂ ಬ್ರೌಸರಲ್ಲೇ ಲಾಗಿನ್ ಆಗಿ ನೋಟ್‌ಬುಕ್ಕಲ್ಲಿ ಕೋಡ್ ಬರೆದು ಓಡಿಸೋ ವ್ಯವಸ್ಥೆ; ಅದರಲ್ಲೂ ಟಿಎಲ್‌ಜೆಎಚ್ (ದಿ ಲಿಟ್ಲೆಸ್ಟ್ ಜುಪಿಟರ್‌ಹಬ್) ಅಂತ ಚಿಕ್ಕ ಸೆಟಪ್ ಬರುತ್ತಲ್ಲ ಅದು. ಮೊದಲು ಎಲ್ಲರಿಗೂ ಒಂದೇ ಪೈಥಾನ್ ಇತ್ತು, ಯಾರಿಗೆ ಏನು ಪ್ಯಾಕೇಜ್ ಬೇಕೋ ನಾನೇ ಸುಡೋ (ಅಡ್ಮಿನ್ ಅಧಿಕಾರ) ಕೊಟ್ಟು ಹಾಕಿಕೊಡ್ತಿದ್ದೆ. 2024ರ ಜೂನಲ್ಲಿ ನಂಪೈ ಅನ್ನೋ ಲೆಕ್ಕಾಚಾರದ ಲೈಬ್ರರಿಯ 2.0 ವರ್ಶನ್ ಬಂತು, ಅದಾದ್ಮೇಲೆ ಒಂದಿನ ಯಾರಿಗೋ ಹೊಸ ಪ್ಯಾಕೇಜ್ ಹಾಕೋಕೆ ಹೋದಾಗ ಅದರ ಜೊತೆ ನಂಪೈನೂ ಅಪ್‌ಗ್ರೇಡ್ ಆಗಿಬಿಡ್ತು, ನಾನು ಗಮನಿಸಲಿಲ್ಲ. ಮಾರನೇ ದಿನ ಹಳೇ ನಂಪೈಗೆ ಕಂಪೈಲ್ ಆಗಿದ್ದ ಲೈಬ್ರರಿಗಳೆಲ್ಲ ಇಂಪೋರ್ಟ್ ಮಾಡಿದ ಕೂಡ್ಲೇ ಎರರ್. ಥೀಸಿಸ್ ಸಬ್ಮಿಟ್ ಮಾಡೋಕೆ ಎರಡು ವಾರ ಇದ್ದ ಹುಡುಗಿಯ ನೋಟ್‌ಬುಕ್ಕೂ ನಿಂತುಹೋಯ್ತು, ಅವಳ ಮುಖ ನೋಡೋಕಾಗ್ಲಿಲ್ಲ ನನಗೆ.

ಅವತ್ತು ರಾತ್ರಿನೇ ಕೂತು ಬೇರೆ ಬೇರೆ ಎನ್ವಿರಾನ್‌ಮೆಂಟ್ ಮಾಡ್ದೆ, ಅಂದ್ರೆ ತಂತಮ್ಮದೇ ಪ್ಯಾಕೇಜ್‌ಗಳಿರೋ ಪ್ರತ್ಯೇಕ ಫೋಲ್ಡರ್‌ಗಳು. ಆಪ್ಟ್ ಫೋಲ್ಡರ್ ಕೆಳಗೆ ಕೋಂಡಾ ಅನ್ನೋ ಟೂಲಲ್ಲಿ ಒಂದು ಟೆನ್ಸರ್‌ಫ್ಲೋಗೆ, ಒಂದು ಪೈಟಾರ್ಚ್‌ಗೆ (ಎರಡೂ ಮಷೀನ್ ಲರ್ನಿಂಗ್ ಲೈಬ್ರರಿಗಳು), ಒಂದು ಆರ್ ಭಾಷೆಗೆ, ಇನ್ನೊಂದು ಆ ಹುಡುಗಿಗೋಸ್ಕರ ನಂಪೈ 2ಕ್ಕಿಂತ ಕೆಳಗಿನದೇ ಇರ್ಬೇಕು ಅಂತ ಪಿನ್ ಮಾಡಿದ್ದು. ಪೈಥಾನ್ ಇರೋ ಮೂರರಲ್ಲೂ ಐಪಿವೈಕರ್ನೆಲ್ (ಕರ್ನೆಲ್ ಅಂದ್ರೆ ನೋಟ್‌ಬುಕ್ಕಿನ ಕೋಡನ್ನ ಹಿಂದೆ ನಿಂತು ಓಡಿಸೋ ಪ್ರೋಗ್ರಾಂ) ಹಾಕಿ, ಅದರ ಇನ್‌ಸ್ಟಾಲ್ ಕಮಾಂಡ್‌ಗೆ ಪ್ರಿಫಿಕ್ಸ್ ಆಗಿ ಹಬ್‌ನ ಯೂಸರ್ ಫೋಲ್ಡರ್ ಕೊಟ್ರೆ ಎಲ್ಲರ ಲಾಂಚರಲ್ಲೂ ಹೊಸ ಐಕಾನ್ ಬರುತ್ತೆ. ಆರ್‌ಗೆ ಐಆರ್‌ಕರ್ನೆಲ್ ಅಂತ ಬೇರೆನೇ ಇದೆ. ಇದರಲ್ಲಿ ಮ್ಯಾಜಿಕ್ ಏನೂ ಇಲ್ಲ, ಕರ್ನೆಲ್ ಡಾಟ್ ಜೇಸನ್ ಅಂತ ಒಂದು ಪುಟ್ಟ ಫೈಲು, ಅದರಲ್ಲಿ ಯಾವ ಪೈಥಾನ್ ಓಡಿಸ್ಬೇಕು ಅನ್ನೋ ಪಾಥ್ ಇರುತ್ತೆ ಅಷ್ಟೇ.

ಆದ್ರೆ ಪಾಥ್ ಮಾತ್ರ ಬದಲಾಗುತ್ತೆ, ಎನ್ವಿರಾನ್‌ಮೆಂಟ್ ಆಕ್ಟಿವೇಟ್ ಆಗಲ್ಲ, ತೊಂದರೆ ಶುರುವಾಗಿದ್ದೇ ಇಲ್ಲಿ. "ಸರ್, ಪಿಪ್ ಲಿಸ್ಟಲ್ಲಿ ಇದೆ ಅಂತಿದೆ, ಇಂಪೋರ್ಟ್ ಮಾಡಿದ್ರೆ ಇಲ್ಲ ಅಂತಿದೆ" ಅಂತ ಒಬ್ಬ ಬಂದ (ಪಿಪ್ ಅಂದ್ರೆ ಪೈಥಾನ್ ಪ್ಯಾಕೇಜ್ ಹಾಕೋ ಕಮಾಂಡ್). ನೋಡಿದ್ರೆ ಅವನು ಸೆಲ್ಲಲ್ಲಿ ಪಿಪ್ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದ, ಅದು ಹಬ್‌ನ 3.12 ಪೈಥಾನ್‌ನ ಪಿಪ್ಪನ್ನ ಓಡಿಸಿತ್ತು, ಕರ್ನೆಲ್ ಇದ್ದಿದ್ದು 3.10. ಅದರ ಬದಲು ಪರ್ಸೆಂಟ್ ಚಿಹ್ನೆ ಹಾಕಿದ್ರೆ ಕರ್ನೆಲ್‌ದೇ ಪಿಪ್ ಓಡುತ್ತೆ.

ಇನ್ನೊಂದು ಕೇಸಲ್ಲಿ ಎರಡು ದಿನ ಹೋಯ್ತು. ಅದೇ ಕರ್ನೆಲ್, ಅದೇ ನೋಟ್‌ಬುಕ್, ನನ್ನ ಲಾಗಿನಲ್ಲಿ ಓಡುತ್ತೆ, ಒಬ್ಬ ಹುಡುಗನ ಲಾಗಿನಲ್ಲಿ ಓಡಲ್ಲ. ಕೊನೆಗೆ ನಂಪೈ ಎಲ್ಲಿಂದ ಲೋಡ್ ಆಗ್ತಿದೆ ಅಂತ ಅದರ ಫೈಲ್ ಪಾಥ್ ಪ್ರಿಂಟ್ ಮಾಡಿಸ್ದೆ, ಅವನ ಹೋಮ್ ಫೋಲ್ಡರಿನ ಡಾಟ್ ಲೋಕಲ್ ಒಳಗಿಂದ ಬರ್ತಿತ್ತು! ಯಾವಾಗ್ಲೋ ಟರ್ಮಿನಲ್ಲಲ್ಲಿ ಪಿಪ್ ಹೊಡೆದಿದ್ದಾನೆ, ಬರೆಯೋಕೆ ಪರ್ಮಿಷನ್ ಇಲ್ಲದ ಕಡೆ ಪಿಪ್ ತಾನಾಗೇ ಅಲ್ಲಿಗೆ ಹಾಕುತ್ತೆ, ಆಮೇಲೆ 3.10 ಇರೋ ಎಲ್ಲಾ ಕೋಂಡಾ ಎನ್ವಿರಾನ್‌ಮೆಂಟೂ ಮೊದಲು ಅದನ್ನೇ ಎತ್ಕೊಳ್ಳುತ್ತೆ. ಡಾಟ್ ಲೋಕಲ್ ಪೂರ್ತಿ ಅಳಿಸ್ಬೇಡಿ, ಅವರವರು ರಿಜಿಸ್ಟರ್ ಮಾಡಿಕೊಂಡ ಕರ್ನೆಲ್‌ಗಳೂ ಅಲ್ಲೇ ಇರುತ್ವೆ, ನಾನು ಒಳಗಿನ ಲಿಬ್ ಫೋಲ್ಡರ್ ಹೆಸರು ಮಾತ್ರ ಬದಲಾಯಿಸ್ದೆ.

ಇದು ಮತ್ತೆ ಆಗಬಾರದು ಅಂತ ಪ್ರತಿ ಕರ್ನೆಲ್ ಡಾಟ್ ಜೇಸನ್‌ನಲ್ಲೂ ಪೈಥಾನ್‌ನೋಯೂಸರ್‌ಸೈಟ್ ಅನ್ನೋ ವೇರಿಯಬಲ್‌ಗೆ 1 ಕೊಟ್ಟಿದೀನಿ, ಅಂದ್ರೆ ಡಾಟ್ ಲೋಕಲ್ ಒಳಗಿನ ಪ್ಯಾಕೇಜ್ ನೋಡ್ಬೇಡ ಅಂತ ಪೈಥಾನ್‌ಗೆ ಹೇಳಿದ ಹಾಗೆ. ಈಗ ನೋಟ್‌ಬುಕ್ಕಿಂದ ಯಾರಾದ್ರೂ ಪಿಪ್ ಹೊಡೆದ್ರೆ ಸೀದಾ ಪರ್ಮಿಷನ್ ಡಿನೈಡ್ ಬರುತ್ತೆ, ಸದ್ದಿಲ್ಲದೆ ಎಲ್ಲೋ ಹೋಗಿ ಕೂರೋದಕ್ಕಿಂತ ಅದು ಸಾವಿರ ಪಾಲು ವಾಸಿ. ಸ್ವಂತ ಪ್ಯಾಕೇಜ್ ಬೇಕಂದ್ರೆ ಹೋಮ್‌ನಲ್ಲೇ ಎನ್ವಿರಾನ್‌ಮೆಂಟ್ ಮಾಡಿಕೊಂಡು ಯೂಸರ್ ಕರ್ನೆಲ್ ಆಗಿ ರಿಜಿಸ್ಟರ್ ಮಾಡೋದನ್ನ ಪಕ್ಕದಲ್ಲಿ ಕೂತು ಹೇಳಿಕೊಡ್ತೀನಿ, ಹತ್ತು ನಿಮಿಷದ ಕೆಲಸ.

ಎಲ್ಲರೂ ಬಳಸೋ ಎನ್ವಿರಾನ್‌ಮೆಂಟನ್ನ ಮಾತ್ರ ಒಂದ್ಸಲ ಮಾಡಿದ್ಮೇಲೆ ಮುಟ್ಟಲ್ಲ, ಹೊಸ ವರ್ಶನ್ ಬೇಕಾದ್ರೆ ವರ್ಷ ಸೇರಿಸಿ ಹೊಸ ಹೆಸರಲ್ಲಿ ಇನ್ನೊಂದು ಮಾಡ್ತೀನಿ. ಹಳೇದನ್ನ ತೆಗೆಯೋ ಮುಂಚೆ ಎಲ್ಲರ ನೋಟ್‌ಬುಕ್ ಫೈಲಲ್ಲೂ ಆ ಕರ್ನೆಲ್ ಹೆಸರು ಇದೆಯಾ ಅಂತ ಗ್ರೆಪ್ ಮಾಡಿ ನೋಡ್ತೀನಿ, ಫೈಲಿನ ಮೆಟಾಡೇಟಾದಲ್ಲಿ ಹೆಸರು ಇದ್ದೇ ಇರುತ್ತೆ. ಆ ಹುಡುಗಿಯ ಕರ್ನೆಲ್ ಹೆಸರು ಇನ್ನೂ ಆರು ಫೈಲಲ್ಲಿ ಸಿಗುತ್ತೆ, ಹಾಗಾಗಿ ಅದನ್ನ ಹಾಗೇ ಇಟ್ಟಿದೀನಿ.