ಅನುವಾದದ ಪತ್ರಿಕೆ ಮತ್ತು ಸಾಕ್ಷಿಕಟ್ಟೆ: ಸಿವಿಲ್ ನ್ಯಾಯಾಧೀಶೆಯಾಗಿ ನನ್ನ ಅನುಭವ

ಆರು ವರ್ಷ ವಕೀಲಿಕೆ ಮಾಡಿದ ಮೇಲೆ ನಾನು ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆದದ್ದು. ಈ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆ ಇರಲೇಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2002ರಲ್ಲಿ, ಕರ್ನಾಟಕದವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ಆಯೋಗದ ಶಿಫಾರಸು ನೋಡಿ ತೆಗೆದಿತ್ತು. 2025ರ ಮೇ 20ರಂದು ಅದನ್ನೇ ಮತ್ತೆ ತಂದಿದೆ. ಕಾನೂನು ಕಾಲೇಜು ಮುಗಿಸಿದ ಮಕ್ಕಳು ಬೇಸರದಿಂದ ಫೋನ್ ಮಾಡುತ್ತಾರೆ. ಆ ವರ್ಷಗಳು ದಂಡವಲ್ಲ ಎಂದೇ ನಾನು ಹೇಳುತ್ತೇನೆ. ಕಕ್ಷಿದಾರರು ಸೀನಿಯರ್ ವಕೀಲರ ಮುಂದೆ ಏನು ಹೇಳುತ್ತಾರೆ, ಕೋರ್ಟಿನಲ್ಲಿ ಅದೇ ಮಾತು ಹೇಗೆ ಬದಲಾಗುತ್ತದೆ ಎನ್ನುವುದನ್ನು ಪುಸ್ತಕ ಕಲಿಸುವುದಿಲ್ಲ.

ಪೂರ್ವಭಾವಿ, ಮುಖ್ಯ ಪರೀಕ್ಷೆ, ಸಂದರ್ಶನ, ಹೀಗೆ ಮೂರು ಹಂತ. ವಾದಾಂಶ (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳು) ರಚಿಸುವುದು, ದೋಷಾರೋಪ ಬರೆಯುವುದು, ತೀರ್ಪು ಬರೆಯುವುದು ಇವನ್ನು ದಿನಾ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕೈಬರಹದಲ್ಲೇ ಅಭ್ಯಾಸ ಮಾಡಿದೆ. ಮುಖ್ಯ ಪರೀಕ್ಷೆಯ ಅನುವಾದದ ಪತ್ರಿಕೆಗೆ ಮಾತ್ರ ಹೆಚ್ಚು ಓದಲಿಲ್ಲ. ಕನ್ನಡ ಮಾಧ್ಯಮದವಳು, ಹೇಗೂ ಬರುತ್ತದೆ ಎಂಬ ಧೈರ್ಯ. ಅಂಕವೂ ಬಂತು. ಆದರೆ ಕೆಲಸಕ್ಕೆ ಸೇರಿದ ಮೇಲೆ ನನ್ನನ್ನು ಹೆಚ್ಚು ಕಾಡಿದ್ದು ಅದೇ ವಿಷಯ, ಒಬ್ಬರ ಮಾತನ್ನು ಇನ್ನೊಂದು ಮಾತಿಗೆ ತರುವುದು.

ಬೆಂಗಳೂರಿನ ಕ್ರೆಸೆಂಟ್ ರಸ್ತೆಯ ನ್ಯಾಯಾಂಗ ಅಕಾಡೆಮಿಯಲ್ಲಿ ತರಬೇತಿ ಮುಗಿಸಿ ಮೊದಲ ನೇಮಕಕ್ಕೆ ಉತ್ತರ ಕರ್ನಾಟಕದ ಒಂದು ತಾಲ್ಲೂಕಿಗೆ ಹೋದೆ. ನಾನು ಹಳೇ ಮೈಸೂರು ಕಡೆಯವಳು. ನಾವು ಪಹಣಿ ಎಂದರೆ ಅಲ್ಲಿ ಉತಾರ. ನಮ್ಮ ವಿಭಾಗ ಪತ್ರ ಅವರಿಗೆ ವಾಟ್ನಿ ಪತ್ರ. ಗುತ್ತಿಗೆಗೆ ಹೊಲ ಕೊಟ್ಟರೆ ಲಾವಣಿ. ಬೆಂಚ್ ಕ್ಲರ್ಕ್ ಹತ್ತಿರ ಕೇಳಿ ಕೇಳಿ ಒಂದು ನೋಟ್‌ಬುಕ್ ತುಂಬ ಬರೆದುಕೊಂಡೆ. ಅದು ಈಗಲೂ ನನ್ನ ಮೇಜಿನ ಮೇಲಿದೆ.

ಅಲ್ಲಿ ಒಂದು ಪಾಲಿನ ದಾವಾ. ವಾದಿಯೇ ಸಾಕ್ಷಿಕಟ್ಟೆ ಹತ್ತಿದ್ದರು, ಎಪ್ಪತ್ತು ದಾಟಿದ ಅಜ್ಜಿ. ಪಾಟೀ ಸವಾಲಿನಲ್ಲಿ ವಕೀಲರು, ‘ನಿಮ್ಮ ಅಣ್ಣ ನಿಮಗೆ ಪಾಲು ಕೊಟ್ಟಾನ, ಹೌದಲ್ಲೋ?’ ಎಂದರು. ಅಜ್ಜಿ, ‘ಮಾತಿನಾಗ ಕೊಟ್ಟಾನ್ರೀ, ಕೈಯಾಗ ಕೊಟ್ಟಿಲ್ಲ’ ಎಂದರು. ಅಂದಿನ ಪಟ್ಟಿಯಲ್ಲಿ ಕೇಸುಗಳು ಬಹಳ. ನಾನು ಅವಸರದಲ್ಲಿ ಸ್ಟೆನೋಗೆ ಬರೆಸಿದ್ದು: ‘ನನ್ನ ಅಣ್ಣ ನನಗೆ ಪಾಲು ಕೊಟ್ಟಿದ್ದಾನೆ ಎಂದರೆ ಸರಿ.’ ಅಜ್ಜಿಯ ಕಡೆಯ ಕಿರಿಯ ವಕೀಲೆ ತಕ್ಷಣ ಎದ್ದು, ‘ಮೇಡಂ, ಸಾಕ್ಷಿ ಹೇಳಿದ್ದು ಅಷ್ಟೇ ಅಲ್ಲ’ ಎಂದಳು. ಅವಳ ಧ್ವನಿ ನಡುಗುತ್ತಿತ್ತು.

ನನ್ನ ಎದೆ ಧಸಕ್ಕೆಂದಿತು. ಆ ಒಂದು ಸಾಲು ಅಜ್ಜಿಯೇ ಒಪ್ಪಿಕೊಂಡ ಮಾತಿನಂತೆ ಕಡತದಲ್ಲಿ ಕೂತಿದ್ದರೆ, ಮೇಲ್ಮನವಿಗೆ ಹೋದಾಗ ಅಲ್ಲಿ ಅಜ್ಜಿಯ ಮುಖ ಕಾಣುವುದಿಲ್ಲ, ಧ್ವನಿ ಕೇಳುವುದಿಲ್ಲ, ನಾನು ಬರೆಸಿದ ಮಾತಷ್ಟೇ ಇರುತ್ತದೆ. ಸಾಲು ಹೊಡೆದುಹಾಕಿಸಿ, ಅಜ್ಜಿಯ ಮಾತನ್ನು ಅವರ ಮಾತಲ್ಲೇ ಬರೆಸಿದೆ. ಅಂದಿನಿಂದ ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’ ಎನ್ನುವ ನಮ್ಮ ರೂಢಿಯ ಅಚ್ಚಿಗೆ ಉತ್ತರ ಹೊಂದದಿದ್ದರೆ ಪ್ರಶ್ನೆ, ಉತ್ತರ ಎರಡನ್ನೂ ಇದ್ದಂತೆಯೇ ಬರೆಸುತ್ತೇನೆ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಈಗ ಹಿರಿಯ ಸಿವಿಲ್ ನ್ಯಾಯಾಧೀಶೆ. ಮುಂದಿನ ಮೆಟ್ಟಿಲು ಜಿಲ್ಲಾ ನ್ಯಾಯಾಧೀಶರ ಹುದ್ದೆ. ಅರ್ಹತೆ, ಸೇವಾ ಹಿರಿತನ ನೋಡಿ ಕೊಡುವ ಬಡ್ತಿ ಒಂದು ದಾರಿ, ಸೇವೆಯಲ್ಲಿರುವವರಿಗಷ್ಟೇ ಇರುವ ಸೀಮಿತ ಸ್ಪರ್ಧಾತ್ಮಕ ಪರೀಕ್ಷೆ ಇನ್ನೊಂದು. ಏಳು ವರ್ಷದ ವಕೀಲರಿಗೆ ಇರುವ ನೇರ ನೇಮಕಾತಿ ನಮಗೆ ಮುಚ್ಚಿತ್ತು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ವಕೀಲಿಕೆ ಮತ್ತು ನ್ಯಾಯಾಧೀಶ ಸೇವೆ ಸೇರಿ ಏಳು ವರ್ಷವಾದವರಿಗೂ ಅದನ್ನು ತೆರೆಯಿತು. ಹೈಕೋರ್ಟ್‌ಗೆ ನ್ಯಾಯಮೂರ್ತಿಯಾಗಿ ಹೋಗಲು ಸಂವಿಧಾನದ 217ನೇ ವಿಧಿ ಕೇಳುವುದು ಹತ್ತು ವರ್ಷದ ನ್ಯಾಯಾಂಗ ಹುದ್ದೆ ಅಥವಾ ಹೈಕೋರ್ಟ್ ವಕೀಲಿಕೆ. ಆದರೆ ನಮ್ಮಂತೆ ತಾಲ್ಲೂಕಿನಿಂದ ಹತ್ತುವವರು ಅಲ್ಲಿ ಮುಟ್ಟುವ ಹೊತ್ತಿಗೆ 62ರ ನಿವೃತ್ತಿಗೆ ಕೆಲವೇ ವರ್ಷ ಉಳಿದಿರುತ್ತದೆ. ನಮ್ಮಲ್ಲಿ ಕಿರಿಯ ವಯಸ್ಸಿನವರನ್ನೂ ಪರಿಗಣಿಸಬೇಕೆಂದು ನನ್ನ ಬಲವಾದ ಅಭಿಪ್ರಾಯ, ಏಕೆಂದರೆ ಸಾಕ್ಷಿಯನ್ನು ಎದುರಿಗೇ ಕಂಡವರು ಮೇಲೆಯೂ ಬೇಕು.

ಆ ದಿನ ಕೊನೆಗೆ ಹೇಳಿಕೆಯನ್ನು ಗಟ್ಟಿಯಾಗಿ ಓದಿದೆವು. ಅಜ್ಜಿ ಕಿವಿಗೆ ಕೈ ಅಡ್ಡ ಹಿಡಿದು ಕೇಳಿದರು. ‘ಕೈಯಾಗ ಕೊಟ್ಟಿಲ್ಲ’ ಎಂಬಲ್ಲಿ ತಲೆಯಾಡಿಸಿದರು. ಸ್ಟೆನೋ ‘ಓದಿ ಹೇಳಿ ಕೇಳಿಸಲಾಗಿ ಸರಿ ಇದೆ’ ಎಂದು ಟೈಪ್ ಮಾಡಿದ ಮೇಲೆ ಎಡಗೈ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಕಟ್ಟೆ ಇಳಿದರು.